ಕಾವಲಿನವರು ಹೊರಟ ಮೇಲೆ

ಹಿಟ್ಟು ನಾದಿ ಮುಗಿಯುವ ತನಕ ಅಜ್ಜಿ ನಮ್ಮ ಕಡೆ ತಿರುಗಲಿಲ್ಲ. ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಅದರ ತುಂಬ ಸೊಪ್ಪು ಹರವಿದ್ದರು. ಕೊತ್ತಂಬರಿ, ಸಬ್ಬಸಿಗೆ, ಪಾಲಕ್, ಈರುಳ್ಳಿ ಸೊಪ್ಪು ನನಗೆ ಗುರುತು ಸಿಕ್ಕವು. ಉಳಿದವು ಊರಾಚೆಯ ಇಳಿಜಾರಿನಿಂದ ಬೆಳಿಗ್ಗೆಯೇ ಕಿತ್ತು ತಂದ ಕಾಡು ಸೊಪ್ಪುಗಳು. ಬೇರಿನ ಮಣ್ಣು ಇನ್ನೂ ಒಣಗಿರಲಿಲ್ಲ. ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಉಪ್ಪು, ಕೆಂಪು ಮೆಣಸಿನ ಪುಡಿ, ಎಣ್ಣೆ ಸೇರಿಸಿ, ಲಟ್ಟಿಸಿದ ಹಾಳೆಯೊಳಗೆ ಹೂರಣದಂತೆ ತುಂಬಿ, ಅಂಚನ್ನು ಚಿವುಟಿ ಮುಚ್ಚಿ, ಕೈಯಲ್ಲೇ ತಟ್ಟಿ ಕಾವಲಿಗೆ ಹಾಕಿದರು. ಇದರ ಹೆಸರು ಝೆಂಗ್ಯಾಲೋವ್ ಹಾಟ್ಸ್. ಕರಾಬಾಖ್ ಜನರ ಸೊಪ್ಪಿನ ರೊಟ್ಟಿ.

ಅಮ್ಮ ಬೆರಕೆ ಸೊಪ್ಪು ಬಿಡಿಸುತ್ತಿದ್ದದ್ದು ನೆನಪಾಯಿತು. ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಬದುವಿನಿಂದ ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ ಎಲ್ಲ ಮಡಿಲಿಗೆ ತುಂಬಿಕೊಂಡು ಬರುತ್ತಿದ್ದಳು. ಯಾವುದು ತಿನ್ನುವ ಸೊಪ್ಪು, ಯಾವುದು ದನಕ್ಕೂ ಹಾಕಬಾರದ್ದು ಎಂಬುದು ಅವಳ ಕಣ್ಣಿಗೆ ಗೊತ್ತಿತ್ತು. ಆ ತಿಳಿವಳಿಕೆ ಆ ನೆಲದ್ದು, ಆ ಬದುವಿನದ್ದು. ನನ್ನ ಮುಂದೆ ನಿಂತ ಅಜ್ಜಿಯ ನೆಲ ಆ ಅಡುಗೆಮನೆಯಿಂದ ನೂರು ಕಿಲೋಮೀಟರ್ ದೂರವೂ ಇರಲಿಲ್ಲ. ಅಲ್ಲಿಗೆ ಅವರು ಹೋಗುವ ಹಾಗಿರಲಿಲ್ಲ.

ಅದು 2025ರ ಮೇ ತಿಂಗಳು. ಊರು ಗೋರಿಸ್, ಅರ್ಮೇನಿಯಾದ ದಕ್ಷಿಣ ಭಾಗದಲ್ಲಿ.

ಇಪ್ಪತ್ತು ವರ್ಷಗಳಿಂದ ವಾರಕ್ಕೊಮ್ಮೆ ವಿದೇಶ ವ್ಯವಹಾರಗಳ ಬಗ್ಗೆ ಬರೆಯುತ್ತಿದ್ದೇನೆ. 2023ರ ಸೆಪ್ಟೆಂಬರ್ ಕೊನೆಯ ವಾರದ ಅಂಕಣವನ್ನು ಮೈಸೂರಿನ ಮನೆಯಲ್ಲಿ ಕೂತು ಒಂದೇ ರಾತ್ರಿಯಲ್ಲಿ ಮುಗಿಸಿದ್ದೆ. ಉಕ್ರೇನ್‌ನಲ್ಲಿ ಸಿಕ್ಕಿಕೊಂಡ ರಷ್ಯಾ ಕಾಕಸಸ್‌ನಲ್ಲಿ ಹೇಗೆ ಸಡಿಲವಾಯಿತು, ಅಜರ್‌ಬೈಜಾನ್‌ನ ಗ್ಯಾಸ್ ಯುರೋಪಿಗೆ ಎಷ್ಟು ಬೇಕಾಗಿದೆ, ಟರ್ಕಿಯ ಡ್ರೋನ್‌ಗಳು ಯುದ್ಧದ ರೀತಿಯನ್ನೇ ಹೇಗೆ ಬದಲಿಸಿದವು, ಎಲ್ಲವೂ ಅದರಲ್ಲಿತ್ತು. ಕರಾಬಾಖ್‌ನ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಒಂದು ವಾರದಲ್ಲಿ ಊರು ಖಾಲಿ ಮಾಡಿ ಹೋದರು ಎಂಬುದು ಕೊನೆಯ ಪ್ಯಾರಾದಲ್ಲಿ ಒಂದು ಸಾಲು. ಬರೆದದ್ದರಲ್ಲಿ ಯಾವುದೂ ಸುಳ್ಳಿರಲಿಲ್ಲ. ಆದರೂ ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಆ ಸಾಲಿನೊಳಗಿನ ಜನರನ್ನು ನೋಡಲೆಂದೇ ಹೊರಟೆ.

ರಾಜಧಾನಿ ಯೆರೆವಾನ್‌ನಲ್ಲಿ ಜೊತೆಯಾದವನು ವಿಜಯಪುರದ ಕಡೆಯ ಹುಡುಗ, ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದ. ಭಾರತದಿಂದ ಎಂಬಿಬಿಎಸ್ ಓದಲು ಅಲ್ಲಿಗೆ ಹೋದ ಮಕ್ಕಳು ಬಹಳ. ಹೆಚ್ಚಿನವರಿಗೆ ರೋಗಿಯನ್ನು ವಿಚಾರಿಸುವಷ್ಟು ಅರ್ಮೇನಿಯನ್ ಬರುತ್ತದೆ. ಇವನು ಬಾಡಿಗೆ ಮನೆಯ ಯಜಮಾನಿಯ ಮೊಮ್ಮಕ್ಕಳ ಜೊತೆ ಆಡುತ್ತ ಆಡುತ್ತ ಪೂರಾ ಭಾಷೆ ಕಲಿತಿದ್ದ. "ಮಾತು ಬಂದ್ ಮ್ಯಾಲೆ ಊರು ನಮ್ಮದಾಗ್ತದ್ರಿ ಸರ" ಅಂದ. ಅರ್ಮೇನಿಯನ್ ಅಜ್ಜಿಯರು ಹೇಳಿದ್ದನ್ನೆಲ್ಲ ಅವನು ವಿಜಯಪುರದ ಕನ್ನಡದಲ್ಲೇ ನನಗೆ ದಾಟಿಸಿದ. ಆ ಭಾಗದ ಸಂಕಟಗಳೆಲ್ಲ ಇವತ್ತಿಗೂ ನನ್ನ ಕಿವಿಯಲ್ಲಿ ಅದೇ ಕನ್ನಡದಲ್ಲಿವೆ.

ಯೆರೆವಾನ್‌ನಿಂದ ಗೋರಿಸ್‌ಗೆ ಹೆಚ್ಚು ಕಡಿಮೆ 240 ಕಿಲೋಮೀಟರ್. ಮೊದಲ ಒಂದು ಗಂಟೆ ಬಲಗಡೆ ಅರಾರಾತ್ ಬೆಟ್ಟ ಜೊತೆಗೇ ಬರುತ್ತದೆ. ಅರ್ಮೇನಿಯನ್ನರು ತಮ್ಮ ರಾಷ್ಟ್ರಲಾಂಛನದಲ್ಲಿ ಇಟ್ಟುಕೊಂಡಿರುವ ಬೆಟ್ಟ ಟರ್ಕಿಯ ನೆಲದಲ್ಲಿದೆ. ನಡುವಿನ ಗಡಿ 1993ರಿಂದ ಮುಚ್ಚಿದೆ. ಯೆರಾಸ್ಖ್ ಬಳಿ ರಸ್ತೆ ಎಡಕ್ಕೆ ತಿರುಗಿ ಗುಡ್ಡ ಹತ್ತಿದರೆ ತಿಗ್ರಾನಶೆನ್ ಎಂಬ ಹಳ್ಳಿ. ಡ್ರೈವರ್ ಅಲ್ಲಿ ಏನೂ ಹೇಳದೆ ಗಾಡಿ ಓಡಿಸಿದ. ಅಜರ್‌ಬೈಜಾನ್‌ನ ನಕ್ಷೆಯಲ್ಲಿ ಆ ಹಳ್ಳಿಗೆ ಕಾರ್ಕಿ ಎಂದು ಹೆಸರು. 1990ರವರೆಗೆ ಅಲ್ಲಿದ್ದವರು ಅಜರ್‌ಬೈಜಾನಿಗಳು. ಈಗ ಅವರಲ್ಲಿ ಒಬ್ಬರೂ ಇಲ್ಲ. ದಕ್ಷಿಣಕ್ಕೆ ಹೋಗುವ ಹೆದ್ದಾರಿ ಅವರ ಊರಿನ ನಡುವೆಯೇ ಹಾಯುತ್ತದೆ.

ಈ ಹಳ್ಳಿಯನ್ನು ಬಿಟ್ಟು ಕರಾಬಾಖ್ ಕಥೆ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಸೋವಿಯತ್ ಕಾಲದಲ್ಲಿ, 1923ರಲ್ಲಿ, ಅರ್ಮೇನಿಯನ್ನರೇ ಹೆಚ್ಚಾಗಿದ್ದ ಕರಾಬಾಖ್ ಬೆಟ್ಟದ ಸೀಮೆಯನ್ನು ಅಜರ್‌ಬೈಜಾನ್ ಗಣರಾಜ್ಯದೊಳಗೆ ಸ್ವಾಯತ್ತ ಪ್ರದೇಶವನ್ನಾಗಿ ಇಟ್ಟರು. ಮಾಸ್ಕೋ ಗಟ್ಟಿಯಾಗಿದ್ದಷ್ಟು ದಿನ ಗಂಟು ಬಿಚ್ಚಲಿಲ್ಲ. 1988ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಾದೇಶಿಕ ಸಭೆ ನಮ್ಮನ್ನು ಅರ್ಮೇನಿಯಾಕ್ಕೆ ಸೇರಿಸಿ ಎಂದು ಕೇಳಿತು. ಅದೇ ತಿಂಗಳು ಅಜರ್‌ಬೈಜಾನ್‌ನ ಸುಮ್ಗಾಯಿತ್ ಪಟ್ಟಣದಲ್ಲಿ ಅರ್ಮೇನಿಯನ್ನರ ಮನೆಗಳಿಗೆ ನುಗ್ಗಿ ಕೊಂದರು. ಅಲ್ಲಿಂದಾಚೆಗೆ ಎರಡೂ ಕಡೆ ಅಲ್ಪಸಂಖ್ಯಾತರಾಗಿದ್ದವರು ಗಂಟುಮೂಟೆ ಕಟ್ಟಿದರು. ಅಜರ್‌ಬೈಜಾನ್ ರಾಜಧಾನಿ ಬಾಕುವಿನ ಅರ್ಮೇನಿಯನ್ನರು ಯೆರೆವಾನ್‌ಗೆ ಬಂದರು, ಅರ್ಮೇನಿಯಾದ ಅಜರ್‌ಬೈಜಾನಿಗಳು ಬಾಕುವಿಗೆ ಹೋದರು. 1992ರ ಫೆಬ್ರವರಿಯಲ್ಲಿ ಖೋಜಾಲಿ ಎಂಬಲ್ಲಿ ಓಡಿಹೋಗುತ್ತಿದ್ದ ನೂರಾರು ಅಜರ್‌ಬೈಜಾನಿ ನಾಗರಿಕರನ್ನು ಅರ್ಮೇನಿಯನ್ ಪಡೆಗಳು ಕೊಂದವು. 1994ರ ಕದನವಿರಾಮದ ಹೊತ್ತಿಗೆ ಕರಾಬಾಖ್ ಮಾತ್ರವಲ್ಲ, ಸುತ್ತಲಿನ ಅಜರ್‌ಬೈಜಾನಿ ಜಿಲ್ಲೆಗಳೂ ಅರ್ಮೇನಿಯನ್ನರ ಕೈಯಲ್ಲಿದ್ದವು. ಅಲ್ಲಿಂದ ಲಕ್ಷಾಂತರ ಜನ ಹೊರಬಿದ್ದರು. ಅಗ್ದಾಮ್ ಎಂಬ ಇಡೀ ಪಟ್ಟಣದ ಮನೆಗಳ ಕಲ್ಲು, ಹಂಚು, ಕಿಟಕಿ ಎಲ್ಲ ಕಿತ್ತು ಹೋಗಿ ಬರೀ ಗೋಡೆಗಳು ಉಳಿದವು.

ಯೆರೆವಾನ್‌ನ ನಡುಮಧ್ಯೆ ಹದಿನೆಂಟನೆಯ ಶತಮಾನದ ನೀಲಿ ಮಸೀದಿಯೊಂದಿದೆ. ಅಂಗಳದಲ್ಲಿ ಹಿಪ್ಪುನೇರಳೆ ಮರಗಳು. ಈಗ ಅದನ್ನು ಇರಾನ್ ನೋಡಿಕೊಳ್ಳುತ್ತದೆ. ಒಂದು ಕಾಲಕ್ಕೆ ಆ ನಗರದಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ಅದೊಂದೇ ಅನ್ನಬಹುದು. ನಾನು ಹೋದಾಗ ಅಲ್ಲಿ ನನ್ನ ಜೊತೆ ಇದ್ದವರು ಇಬ್ಬರು ಇರಾನಿ ಪ್ರವಾಸಿಗರು, ಮತ್ತೆ ಕೊಳದ ಪಕ್ಕ ಮಲಗಿದ್ದ ಒಂದು ಬೆಕ್ಕು.

ಗೋರಿಸ್‌ನ ಅಜ್ಜಿಗೆ ಈ ಹಳೆಯ ಇಸವಿಗಳ ಲೆಕ್ಕ ಬೇಕಿರಲಿಲ್ಲ. ಅವರು ಕರಾಬಾಖ್‌ನ ಮುಖ್ಯ ಪಟ್ಟಣ ಸ್ತೆಪಾನಕೆರ್ತ್‌ನಲ್ಲಿ ಶಾಲೆಯೊಂದರ ಅಡುಗೆಯವರಾಗಿದ್ದವರು. 2020ರ ಸೆಪ್ಟೆಂಬರ್ 27ರಂದು ಶುರುವಾದ ಯುದ್ಧ 44 ದಿನ ನಡೆಯಿತು. ಅಷ್ಟರಲ್ಲಿ ಅಜರ್‌ಬೈಜಾನ್ ತಾನು ಹಿಂದೆ ಕಳೆದುಕೊಂಡ ಹಲವು ಜಿಲ್ಲೆಗಳ ಜೊತೆಗೆ ಶೂಶಿಯನ್ನೂ ಗೆದ್ದಿತು. ಶೂಶಿ ಇರುವುದು ಸ್ತೆಪಾನಕೆರ್ತ್‌ನ ನೆತ್ತಿಯ ಮೇಲೆ. ಅಲ್ಲಿ ನಿಂತರೆ ಕೆಳಗಿನ ಮನೆಗಳ ತಾರಸಿ ಕಾಣುತ್ತದೆ. ರಷ್ಯಾ ಮಧ್ಯಸ್ಥಿಕೆ ಮಾಡಿ 1,960 ಶಾಂತಿಪಾಲಕರನ್ನು ಐದು ವರ್ಷಕ್ಕೆಂದು ಕಳಿಸಿತು. ಅರ್ಮೇನಿಯಾಕ್ಕೆ ಹೋಗಿಬರಲು ಲಾಚಿನ್ ಮೂಲಕ ಒಂದೇ ಒಂದು ದಾರಿ ಉಳಿಯಿತು. ಅದರ ಕಾವಲು ರಷ್ಯನ್ನರದು.

2022ರ ಡಿಸೆಂಬರ್ 12ರಂದು ಆ ದಾರಿಗೆ ಅಡ್ಡ ಬಂದು ಕೂತವರು, ತಾವು ಪರಿಸರ ಕಾರ್ಯಕರ್ತರು ಎಂದು ಹೇಳಿಕೊಂಡರು. ಎರಡು ತಿಂಗಳಿಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ದಾರಿ ತೆರವು ಮಾಡಿ ಎಂದು ಅಜರ್‌ಬೈಜಾನ್‌ಗೆ ಆದೇಶ ಕೊಟ್ಟಿತು. ದಾರಿ ತೆರೆಯಲಿಲ್ಲ. ಏಪ್ರಿಲ್‌ನಲ್ಲಿ ಹಕಾರಿ ಸೇತುವೆಯ ಮೇಲೆ ಅಜರ್‌ಬೈಜಾನ್‌ನ ಚೆಕ್‌ಪೋಸ್ಟೇ ಎದ್ದಿತು. ರಷ್ಯನ್ ಸೈನಿಕರು ಅಲ್ಲೇ ಇದ್ದರು, ನೋಡುತ್ತ ಇದ್ದರು.

"ಆಯಿ ಹೇಳ್ತಾರ್ರಿ," ಹುಡುಗ ಶುರು ಮಾಡಿದ, "ಮೊದಲ ಕೂಪನ್ ಕೊಟ್ರಂತ. ತಿಂಗಳಿಗೆ ಒಬ್ಬರಿಗೆ ಒಂದು ಕಿಲೋ ಅಕ್ಕಿ, ಒಂದು ಕಿಲೋ ಸಕ್ಕರಿ, ಒಂದು ಲೀಟರ್ ಎಣ್ಣಿ. ಆಮ್ಯಾಲೆ ಕೂಪನ್ ಇತ್ತು, ಅಂಗಡ್ಯಾಗ ಅಕ್ಕಿ ಇರಲಿಲ್ಲಂತ." ಬೇಸಿಗೆ ಹೊತ್ತಿಗೆ ಬ್ರೆಡ್ಡಿಗಾಗಿ ನಡುರಾತ್ರಿಯಲ್ಲಿ ಸಾಲು ನಿಂತರು. ಪೆಟ್ರೋಲ್ ಇಲ್ಲದೆ ಹಳ್ಳಿಯ ತರಕಾರಿ ಪಟ್ಟಣಕ್ಕೆ ಬರಲಿಲ್ಲ. ಆ ದಿನಗಳಲ್ಲಿ ಕೈಹಿಡಿದದ್ದು ಗುಡ್ಡದ ಸೊಪ್ಪು ಎಂದರು ಅಜ್ಜಿ. ವಸಂತ ಕಳೆದ ಮೇಲೆ ಅದೂ ಬಲಿತು ನಾರಾಯಿತು. ಹಸಿವು ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಮೊಮ್ಮಗಳು ನಿದ್ದೆಯಲ್ಲಿ ಬಾಳೆಹಣ್ಣು ಕೇಳುತ್ತಿದ್ದಳು ಎಂದಷ್ಟೇ ಹೇಳಿ ಕಾವಲಿಯ ಮೇಲಿನ ರೊಟ್ಟಿ ಮಗುಚಿದರು.

2023ರ ಸೆಪ್ಟೆಂಬರ್ 19ರ ಮಧ್ಯಾಹ್ನ ಶೆಲ್ ಬೀಳತೊಡಗಿದವು. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು. ಕರಾಬಾಖ್ ಪಡೆ ಆಯುಧ ಕೆಳಗಿಟ್ಟಿತು. ಒಂಬತ್ತು ತಿಂಗಳು ಮುಚ್ಚಿದ್ದ ದಾರಿ ಸೆಪ್ಟೆಂಬರ್ 24ರಂದು ತೆರೆದದ್ದು ಒಂದೇ ದಿಕ್ಕಿಗೆ, ಹೊರಗೆ ಹೋಗುವವರಿಗೆ. ಹೊರಡಲು ಪೆಟ್ರೋಲ್ ಬೇಕಲ್ಲ. ಸ್ತೆಪಾನಕೆರ್ತ್ ಹೊರಗಿನ ಇಂಧನ ಡಿಪೋ ಮುಂದೆ ಜನ ಕ್ಯಾನು ಹಿಡಿದು ಸಾಲು ನಿಂತಿದ್ದಾಗ, 25ನೇ ತಾರೀಖು, ಅದು ಸಿಡಿಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಜ್ಜಿಯ ತಮ್ಮ ಆ ಸಾಲಿನಲ್ಲಿದ್ದವನು. ಅವನ ವಿಷಯ ಬಂದಾಗ ಹುಡುಗ ಅನುವಾದ ನಿಲ್ಲಿಸಿ ಕಿಟಕಿಯಾಚೆ ನೋಡಿದ. ನಾನೂ ಒತ್ತಾಯ ಮಾಡಲಿಲ್ಲ.

ಎರಡು ಗಂಟೆಯ ದಾರಿ ಅದು. ಅವರಿಗೆ ಒಂದೂವರೆ ದಿನ ಹಿಡಿಯಿತು. ಒಂದು ಹಳೆಯ ಝಿಗುಲಿ ಕಾರಿನಲ್ಲಿ ಏಳು ಜನ. ಅಜ್ಜಿಯ ತೊಡೆಯ ಮೇಲೆ ಹಿಟ್ಟು ಜರಡಿ ಹಿಡಿಯುವ ಜಾಲರಿ. ಇಷ್ಟೆಲ್ಲ ಬಿಟ್ಟು ಅದನ್ನೇ ಯಾಕೆ ತಂದಿರಿ ಎಂದು ಕೇಳಿದೆ. ಕೈಗೆ ಸಿಕ್ಕಿದ್ದು ಅದು ಅಂದರು. ಆ ಜರಡಿ ಈಗಲೂ ಒಲೆಯ ಮೇಲಿನ ಮೊಳೆಗೆ ನೇತುಬಿದ್ದಿತ್ತು, ಅಂಚಿನ ಮರ ಬಿರಿದು ತಂತಿ ಕಟ್ಟಿದ್ದರು.

ಮಾರನೆಯ ದಿನ ಕೊರ್ನಿದ್ಜೋರ್‌ಗೆ ಹೋದೆವು. ಗಡಿ ದಾಟಿ ಬಂದವರು ಮೊದಲು ಮುಟ್ಟಿದ ಹಳ್ಳಿ ಅದು. ಊರಾಚೆ ಹುಲ್ಲುಗಾವಲಿನ ಅಂಚಿಗೆ ನಿಂತರೆ ಎದುರಿನ ಬೆಟ್ಟದ ಮೈಮೇಲೆ ಟಾರು ರಸ್ತೆ ಹಾವಿನಂತೆ ಇಳಿದು ಕಣಿವೆಯಲ್ಲಿ ಮರೆಯಾಗುತ್ತದೆ. ಒಂದು ವಾಹನವೂ ಇಲ್ಲ. ಕುರಿ ಕಾಯುವವನೊಬ್ಬ ಕೋಲು ಎತ್ತಿ ಅಲ್ಲಿಂದ ಮುಂದೆ ಹೋಗಬೇಡಿ ಎಂದು ತೋರಿಸಿದ. ಎರಡು ವರ್ಷದ ಹಿಂದೆ ಇದೇ ರಸ್ತೆಯ ಮೇಲೆ ಕಾರಿನ ಹಿಂದೆ ಕಾರು, ಛಾವಣಿಗೆ ಕಟ್ಟಿದ ಹಾಸಿಗೆ, ಟ್ರ್ಯಾಕ್ಟರು, ಲಾರಿ. ನಾನು ಟಿವಿಯಲ್ಲಿ ನೋಡಿದ್ದು ಅದನ್ನೇ. ಗಾಳಿ ಮಾತ್ರ ಟಿವಿಯಲ್ಲಿ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲೂ ಅಲ್ಲಿ ಬೀಸುತ್ತಿದ್ದದ್ದು ಮೈ ಕೊರೆಯುವ ಗಾಳಿ.

ಅಲ್ಲಿ ನಿಂತಾಗ ನನಗೆ ಒಂದೇ ವಿಷಯ ಮತ್ತೆ ಮತ್ತೆ ತಲೆಗೆ ಬರುತ್ತಿತ್ತು. ನಮ್ಮ ವಿಶ್ಲೇಷಣೆಗಳಲ್ಲಿ ಯಾವ ದೇಶ ಗೆದ್ದಿತು, ಯಾವುದು ಸೋತಿತು ಎಂಬ ಲೆಕ್ಕವೇ ಮುಂದು. ಆದರೆ ಬೇರೆಯವರ ಗಡಿಯೊಳಗೆ ಉಳಿದ ಸಣ್ಣ ಸಮುದಾಯದ ಪಾಲಿಗೆ ಬದುಕು ತೂಗುವುದು ಕಾವಲಿಗೆ ನಿಂತವರ ಮನಸ್ಸಿನ ಮೇಲೆ. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ವಿಶ್ವಸಂಸ್ಥೆಯ ಡಚ್ ಸೈನಿಕರಿದ್ದರು. ಎಂಟು ಸಾವಿರದಷ್ಟು ಬೋಸ್ನಿಯಾದ ಮುಸ್ಲಿಂ ಗಂಡಸರು, ಹುಡುಗರು ಹತರಾದರು. 2014ರ ಆಗಸ್ಟ್ 3ರ ಬೆಳಗಿನ ಜಾವ ಇರಾಕ್‌ನ ಸಿಂಜಾರ್‌ಗೆ ಐಸಿಸ್ ನುಗ್ಗಿದಾಗ ಯಜೀದಿಗಳ ಕಾವಲಿಗಿದ್ದ ಕುರ್ದಿಶ್ ಪೆಶ್‌ಮರ್ಗಾ ಪಡೆ ಜಾಗ ಖಾಲಿ ಮಾಡಿತ್ತು. ಕಾವಲಿನವರು ಹೊರಡುವಾಗ ಹೇಳಿ ಹೊರಡುವುದಿಲ್ಲ. ಕರಾಬಾಖ್‌ನಲ್ಲಿದ್ದ ರಷ್ಯನ್ನರೂ ತಮ್ಮ ಐದು ವರ್ಷ ತುಂಬುವ ಮೊದಲೇ, 2024ರಲ್ಲಿ, ಗಂಟು ಕಟ್ಟಿದರು. ಆಗ ಕಾಯಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಯಜೀದಿಗಳ ಮಾತು ಬಂತಲ್ಲ, ಅರ್ಮೇನಿಯಾದ ಅತಿ ದೊಡ್ಡ ಅಲ್ಪಸಂಖ್ಯಾತರು ಅವರೇ. ಯೆರೆವಾನ್‌ನ ಪಶ್ಚಿಮಕ್ಕೆ ಅಕ್ನಾಲಿಚ್ ಎಂಬ ಹಳ್ಳಿಯಲ್ಲಿ 2019ರಲ್ಲಿ ತೆರೆದ ಅವರ ಬಿಳಿಯ ಗುಡಿಯಿದೆ. ನಡುವೆ ಒಂದು ಎತ್ತರದ ಗೋಪುರ, ಸುತ್ತ ಏಳು. ಒಳಗೆ ಅವರ ಆರಾಧ್ಯ ನವಿಲು ದೇವದೂತನ ಚಿತ್ರ. ಇವರಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು 1915ರ ಸುಮಾರಿಗೆ, ಆಟೊಮನ್ ತುರ್ಕರ ನೆಲದಲ್ಲಿ ಅರ್ಮೇನಿಯನ್ನರನ್ನು ಕೊಲ್ಲುತ್ತಿದ್ದಾಗ, ಅವರ ಜೊತೆಗೇ ಓಡಿಬಂದವರು. ಸಿಂಜಾರ್‌ನಲ್ಲಿ ನಡೆದದ್ದನ್ನು ಅವರು 74ನೆಯ ಫರ್ಮಾನ್ ಎಂದು ಎಣಿಸುತ್ತಾರೆ. ಅಂದರೆ ತಮ್ಮನ್ನು ಮುಗಿಸಲು ಹೊರಟ ಎಪ್ಪತ್ತನಾಲ್ಕನೆಯ ಆಜ್ಞೆ. ಗುಡಿಯ ಹೊರಗೆ ಚಪ್ಪಲಿ ಬಿಡುವಾಗ ಒಬ್ಬ ಮುದುಕರು ಕೈಬೆರಳಲ್ಲಿ ಆ ಸಂಖ್ಯೆ ತೋರಿಸಿದರು, ಏಳು, ಆಮೇಲೆ ನಾಲ್ಕು. ಗೊಬ್ಬರದ ಲೆಕ್ಕವನ್ನೋ ಕುರಿಯ ಲೆಕ್ಕವನ್ನೋ ಹೇಳುವಷ್ಟು ಸಹಜವಾಗಿ.

ಯೆರೆವಾನ್‌ಗೆ ಮರಳಿ ಮಾತೆನಾದರಾನ್‌ಗೆ ಹೋದೆ, ಹಸ್ತಪ್ರತಿಗಳ ಸಂಗ್ರಹಾಲಯ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮೂಶ್ ಪಟ್ಟಣದ ಧರ್ಮೋಪದೇಶಗಳ ಪುಸ್ತಕವಿದೆ. 1200ರಿಂದ 1202ರ ನಡುವೆ ಚರ್ಮದ ಹಾಳೆಗಳ ಮೇಲೆ ಬರೆದದ್ದು, ತೂಕ ಸುಮಾರು 28 ಕಿಲೋ. 1915ರಲ್ಲಿ ಓಡಿಹೋಗುತ್ತಿದ್ದ ಇಬ್ಬರು ಹೆಂಗಸರಿಗೆ ಅದು ಸಿಕ್ಕಿತು. ಒಬ್ಬರಿಂದ ಹೊರಲು ಆಗದೆ ಎರಡು ಭಾಗ ಮಾಡಿದರು. ಒಂದು ಭಾಗ ಎಚ್ಮಿಯಾದ್ಜಿನ್ ಮಠ ತಲುಪಿತು. ಇನ್ನೊಂದನ್ನು ಎರ್ಜುರುಮ್‌ನಲ್ಲಿ ಮಣ್ಣಲ್ಲಿ ಹೂತಿಟ್ಟರು, ಅದು ಆಮೇಲೆ ಸಿಕ್ಕಿತು. ಮಗು ಎತ್ತಿಕೊಳ್ಳಬೇಕಾದ ಕೈಯಲ್ಲಿ ಅವರು ಪುಸ್ತಕ ಎತ್ತಿಕೊಂಡದ್ದು ಓದು ಬಲ್ಲವರಾಗಿದ್ದರಿಂದಲ್ಲ ಎನಿಸುತ್ತದೆ ನನಗೆ. ಅಜ್ಜಿ ಜರಡಿ ಎತ್ತಿಕೊಂಡ ಹಾಗೆಯೇ ಇರಬೇಕು.

ಭಾರತಕ್ಕೂ ಈ ಕಥೆಯಲ್ಲಿ ಪಾಲಿದೆ, ಹಳೆಯದು ಒಂದು, ಹೊಸದು ಒಂದು. ಅರ್ಮೇನಿಯನ್ನರಿಗೆ ತಮ್ಮದೆಂಬ ರಾಜ್ಯವೇ ಇಲ್ಲದ ಹದಿನೆಂಟನೆಯ ಶತಮಾನದಲ್ಲಿ ಮದ್ರಾಸಿನ ಅರ್ಮೇನಿಯನ್ ವ್ಯಾಪಾರಿ ಶಾಹಾಮಿರ್ ಶಾಹಾಮಿರಿಯನ್ ತನ್ನ ಮುದ್ರಣಾಲಯದಲ್ಲಿ ಮುಂದೆ ಬರಲಿರುವ ಅರ್ಮೇನಿಯಾಕ್ಕೊಂದು ಸಂವಿಧಾನವನ್ನೇ ಅಚ್ಚು ಹಾಕಿಸಿದ. 1794ರಲ್ಲಿ ಅದೇ ಊರಿನಿಂದ ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಹೊರಬಂತು. ಹೊಸದು ಬೆಂಗಳೂರಿಗೆ ಸೇರಿದ್ದು. ಎದುರಾಳಿಯ ಫಿರಂಗಿ ಎಲ್ಲಿದೆ ಎಂದು ಹುಡುಕಿಕೊಡುವ ಸ್ವಾತಿ ರಾಡಾರ್ ರೂಪುಗೊಂಡದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ, ತಯಾರಾಗುವುದು ಬಿಇಎಲ್‌ನಲ್ಲಿ. 2020ರಲ್ಲಿ ಅದನ್ನು ಕೊಳ್ಳಲು ಅರ್ಮೇನಿಯಾ ಒಪ್ಪಂದ ಮಾಡಿಕೊಂಡಿತು. ಆಮೇಲೆ ಪಿನಾಕಾ ರಾಕೆಟ್‌ಗಳ ಸರದಿ. ಪಾಕಿಸ್ತಾನ ಅಜರ್‌ಬೈಜಾನ್ ಪರ ಗಟ್ಟಿಯಾಗಿ ನಿಂತು, 2025ರ ತನಕ ಅರ್ಮೇನಿಯಾವನ್ನು ದೇಶವೆಂದೇ ಒಪ್ಪಿರಲಿಲ್ಲ. ಈ ಸಾಲುಗಳನ್ನು ನಾನು ಅಂಕಣದಲ್ಲಿ ಹೆಮ್ಮೆಯಿಂದಲೇ ಬರೆದಿದ್ದೇನೆ, ಅದು ತಪ್ಪೆಂದು ಈಗಲೂ ಅನ್ನಿಸಿಲ್ಲ. ತನ್ನ ಗಡಿ ಕಾಯಲು ಒಂದು ದೇಶಕ್ಕೆ ಆಯುಧ ಬೇಕು. ಆದರೆ ರಾಡಾರ್ ಕಾಯುವುದು ದೇಶವನ್ನು. ಸ್ತೆಪಾನಕೆರ್ತ್‌ನ ಶಾಲೆಯ ಅಡುಗೆಮನೆ ಯಾವ ದೇಶದ ಲೆಕ್ಕಕ್ಕೂ ಬರಲಿಲ್ಲ.

ನಾನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಕಾಡು ಜಮೀನು ಕೊಟ್ಟು ಟಿಬೆಟನ್ನರನ್ನು ನೆಲೆಯೂರಿಸಿತ್ತು. ಸಂತೆಯ ದಿನ ಜಪಚಕ್ರ ತಿರುಗಿಸುತ್ತ ಬಸ್ಸಿಗೆ ಕಾಯುವ ಮುದುಕಿಯರನ್ನು ನೋಡುತ್ತಲೇ ಬೆಳೆದೆ. ಅವರು ನಮ್ಮೂರಿನ ಭಾಗವಾಗಿಬಿಟ್ಟಿದ್ದರು. ಬೇರೆ ಊರಿನಿಂದ ಬಂದವರು ಎಂಬುದನ್ನೇ ನಾವು ಮರೆತಿದ್ದೆವು. ಎಲ್ಲಿಂದ ಹೊರಟಿರಿ, ಹೊರಡುವಾಗ ಕೈಯಲ್ಲಿ ಏನಿತ್ತು ಎಂದು ಅವರಲ್ಲಿ ಒಬ್ಬರನ್ನೂ ನಾನು ಕೇಳಿಲ್ಲ. ಅಲ್ಲಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗೋರಿಸ್‌ಗೆ ಹೋಗಿ ಆ ಪ್ರಶ್ನೆ ಕೇಳಿದೆ.

ನಾನು ಮೈಸೂರಿಗೆ ಮರಳಿ ಮೂರು ತಿಂಗಳಾಗುವ ಹೊತ್ತಿಗೆ, 2025ರ ಆಗಸ್ಟ್ 8ರಂದು, ಅರ್ಮೇನಿಯಾದ ಪ್ರಧಾನಿ ಪಶಿನ್ಯಾನ್, ಅಜರ್‌ಬೈಜಾನ್ ಅಧ್ಯಕ್ಷ ಅಲಿಯೇವ್ ಇಬ್ಬರೂ ಶ್ವೇತಭವನದಲ್ಲಿ ಟ್ರಂಪ್ ಎದುರು ಕೂತು ಸಹಿ ಹಾಕಿದರು. ಶಾಂತಿ ಒಪ್ಪಂದದ ಕರಡೂ ಹೊರಬಂತು. ಗೋರಿಸ್‌ಗಿಂತ ದಕ್ಷಿಣಕ್ಕೆ ಅರ್ಮೇನಿಯಾದ ಮೂಲಕ ಅಜರ್‌ಬೈಜಾನ್‌ನ ಎರಡು ಭಾಗಗಳನ್ನು ಜೋಡಿಸುವ ದಾರಿಗೆ ಟ್ರಂಪ್ ಹೆಸರನ್ನೇ ಇಟ್ಟಿದ್ದಾರೆ. ಯುದ್ಧ ನಿಲ್ಲುವುದಾದರೆ ಅದಕ್ಕಿಂತ ದೊಡ್ಡದು ಬೇರೆ ಬೇಕಿಲ್ಲ, ನಾನು ಹಾಗೆಂದೇ ಬರೆದೆ. ಕರಡನ್ನು ಎರಡು ಸಲ ಓದಿದೆ. ಕರಾಬಾಖ್‌ನಿಂದ ಬಂದವರು ಊರಿಗೆ ಮರಳುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಈ ಸಲ ಅದನ್ನು ಅಂಕಣದ ಮೊದಲ ಪ್ಯಾರಾದಲ್ಲಿ ಹಾಕಿದೆ.

ಗೋರಿಸ್ ಬಿಡುವ ದಿನ ಅಜ್ಜಿ ನಾಲ್ಕು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ನನ್ನ ಕೆನ್ನೆ ಹಿಡಿದು "ತ್ಸಾವ್ದ್ ತಾನೆಮ್" ಅಂದರು. ನಿನ್ನ ನೋವು ನನಗೆ ಬರಲಿ ಎಂದು ಅರ್ಥ ಹೇಳಿದ ಹುಡುಗ, ಅರ್ಮೇನಿಯನ್ನರು ಮಾತು ಮಾತಿಗೂ ಆಡುವ ಮಾತಂತೆ. ನಮ್ಮ ಅಜ್ಜಿಯರು ಗಲ್ಲ ನೇವರಿಸಿ ತಮ್ಮ ಹಣೆಗೆ ಬೆರಳೊತ್ತಿ ನೆಟಿಗೆ ಮುರಿಯುತ್ತಾರಲ್ಲ, ಅದೇ. ಎಲ್ಲ ಕಳೆದುಕೊಂಡ ಅವರ ಹತ್ತಿರವೇ ನೋವು ಇರುವಾಗ ನನ್ನ ಬಳಿ ಅವರು ತೆಗೆದುಕೊಳ್ಳುವಂಥ ನೋವು ಏನಿತ್ತು? ಉತ್ತರ ಹೇಳಲು ಬಾರದೆ ಕಾಲಿಗೆರಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು.

ಆ ರೊಟ್ಟಿಗೆ ಹಾಕುವ ಸೊಪ್ಪುಗಳ ಹೆಸರು ಬರೆದು ಕಳಿಸು ಎಂದು ಹುಡುಗನಿಗೆ ಹೇಳಿ ಬಂದಿದ್ದೆ. ಅಕ್ಟೋಬರಿನಲ್ಲಿ ಅವನ ವಾಟ್ಸಾಪ್ ಬಂತು. ರಜೆಯಲ್ಲಿ ಮತ್ತೆ ಗೋರಿಸ್‌ಗೆ ಹೋಗಿದ್ದನಂತೆ. ಅಜ್ಜಿಗೆ ಕೆಲವು ಹೆಸರು ನೆನಪಾಗದೆ, ರಷ್ಯಾಕ್ಕೆ ಹೋಗಿ ನೆಲೆಸಿರುವ ತಂಗಿಗೆ ಫೋನ್ ಹಚ್ಚಿದರಂತೆ. ಸೊಪ್ಪಿನ ಮಾತು ಎರಡು ನಿಮಿಷದ್ದು, ಫೋನ್ ಇಟ್ಟದ್ದು ಒಂದು ಗಂಟೆಯ ಮೇಲೆ. ಹದಿನಾಲ್ಕು ಅರ್ಮೇನಿಯನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದಿದ್ದ. ಹದಿನಾಲ್ಕನೆಯದರ ಮುಂದೆ ಹೀಗಿತ್ತು: "ಇದು ಈ ಕಡೆ ಗುಡ್ಡದಾಗ ಸಿಗಂಗಿಲ್ಲಂತ್ರಿ ಸರ. ಆದ್ರೂ ಬರಕೋ ಅಂದ್ರು ಆಯಿ, ಬರಕೊಂಡೀನ್ರಿ."